ಸತ್ತ ಸಿಮ್ಮು, ಡೇಟಿನ ಚೀಟಿ, ತಾಮ್ರದ ತೂಕ: ಜೈಲಿನಿಂದ ಬಂದವರಿಗೆ ಕಸುಬು ಕಲಿಸುವ ಬಗೆ

(ಸೇವಾಸಂಸ್ಥೆಗಳ ಕಾರ್ಯಕರ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಲೆಕ್ಕದಿಂದ ಶುರು ಮಾಡೋಣ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿ. ನಾಲ್ವರಲ್ಲಿ ಮೂವರ ಕೇಸು ಇನ್ನೂ ನಡೆಯುತ್ತಲೇ ಇದೆ ಎಂದಾಯಿತು. ಹೀಗಿರುವಾಗ ‘ಶಿಕ್ಷೆ ಮುಗಿಸಿ ಬಂದವರ ಪುನರ್ವಸತಿ’ ಎಂದು ಟ್ರಸ್ಟಿನ ಬೋರ್ಡಿನ ಮೇಲೆ ಬರೆಸಿದ ದಿನವೇ ನಾವು ಅರ್ಧ ಎಡವಿರುತ್ತೇವೆ. ಜೈಲಿನ ಗೇಟು ದಾಟಿ ಬರುವವರಲ್ಲಿ ಬಹಳಷ್ಟು ಜನ ಜಾಮೀನಿನ ಮೇಲೆ ಬಂದವರು, ಇಲ್ಲವೇ ವರ್ಷಗಟ್ಟಲೆ ಒಳಗಿದ್ದು ಖುಲಾಸೆಯಾದವರು.

ಈ ವ್ಯತ್ಯಾಸ ಬರೀ ಪದದ್ದಲ್ಲ. ಸಜಾ ಬಂಧಿಗೆ, ಅಂದರೆ ಶಿಕ್ಷೆಯಾದವನಿಗೆ, ತನ್ನ ಬಿಡುಗಡೆಯ ದಿನ ಹೆಚ್ಚುಕಡಿಮೆ ಗೊತ್ತಿರುತ್ತದೆ. ಕಠಿಣ ಶಿಕ್ಷೆಯಾಗಿದ್ದರೆ ಒಳಗೆ ಮಗ್ಗವೋ ಮರಗೆಲಸವೋ ಮಾಡಿ ಒಂದಷ್ಟು ಕೂಲಿ ಖಾತೆಯಲ್ಲಿ ಕೂಡಿಟ್ಟಿರುತ್ತಾನೆ. ವಿಚಾರಣಾಧೀನನಿಗೆ ಕೆಲಸದ ಕಡ್ಡಾಯವಿಲ್ಲ, ಹಾಗಾಗಿ ಕೂಲಿಯೂ ಇಲ್ಲದವರೇ ಹೆಚ್ಚು. ಅವನ ಬಿಡುಗಡೆ ಇದ್ದಕ್ಕಿದ್ದಂತೆ ಬರುತ್ತದೆ. ಜಾಮೀನು ಆದೇಶ ಜೈಲು ತಲುಪಿದ ಸಂಜೆ, ಒಳಗೆ ಬಂದಾಗ ಹಾಕಿಕೊಂಡಿದ್ದ ಬಟ್ಟೆಯಲ್ಲೇ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ರಸ್ತೆಗೆ ಬರುತ್ತಾನೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಕೇಸು ಇದ್ದವರಿಗೂ ಸಿಗದು. ಆದರೂ ಇಂಥ ದಿಢೀರ್ ಬಿಡುಗಡೆಗೆ ಇದು ಇನ್ನೊಂದು ಬಾಗಿಲು.

ಹೊರದೇಶದ ಮಾದರಿಗಳನ್ನು ನೋಡುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು. ಲಾಸ್ ಏಂಜಲಿಸ್‌ನಲ್ಲಿ 1988ರಲ್ಲಿ ಶುರುವಾದ ಹೋಮ್‌ಬಾಯ್ ಇಂಡಸ್ಟ್ರೀಸ್‌ನದು ಜೈಲಿನಿಂದ ಬಂದವರಿಗೆ ಕೆಲಸ ಕಲಿಸುವ 18 ತಿಂಗಳ ಕಾರ್ಯಕ್ರಮ. ಇಂಗ್ಲೆಂಡಿನ ಕ್ಲಿಂಕ್ ಸಂಸ್ಥೆ 2009ರಲ್ಲಿ ಹೈ ಡೌನ್ ಜೈಲಿನ ಒಳಗೇ ರೆಸ್ಟೊರೆಂಟ್ ತೆರೆದು, ಶಿಕ್ಷೆಯ ಕೊನೆಯ ತಿಂಗಳುಗಳಲ್ಲಿ ಅಡುಗೆ ಮತ್ತು ಬಡಿಸುವ ಕೆಲಸ ಕಲಿಸಿತು. ಎರಡೂ ಚೆಂದ. ಆದರೆ ನಮ್ಮ ಜಾಮೀನಿನ ಹುಡುಗ 18 ತಿಂಗಳು ಕಾಯಲಾರ. ಅವನ ‘ಕೊನೆಯ ತಿಂಗಳು’ ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ನಮಗೆ ಹೆಚ್ಚು ಪಾಠವಿರುವುದು ನ್ಯೂಯಾರ್ಕಿನ ಸೆಂಟರ್ ಫಾರ್ ಎಂಪ್ಲಾಯ್‌ಮೆಂಟ್ ಆಪರ್ಚುನಿಟೀಸ್ ಸಂಸ್ಥೆಯಲ್ಲಿ. ಅಲ್ಲಿ ಜೈಲಿನಿಂದ ಬಂದವರಿಗೆ ಸರ್ಕಾರಿ ಕಟ್ಟಡಗಳ ಸ್ವಚ್ಛತೆ, ರಿಪೇರಿಯಂಥ ತಾತ್ಕಾಲಿಕ ಕೆಲಸ ಕೊಟ್ಟು ಅಂದಂದಿನ ಕೂಲಿ ಅಂದೇ ಕೊಡುತ್ತಿದ್ದರು. ವಾರದಲ್ಲಿ ಒಂದು ದಿನ ಕೆಲಸ ಹುಡುಕುವ ತರಬೇತಿ. 2004–05ರಲ್ಲಿ 977 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಈ ಕೆಲಸ ಕೊಟ್ಟು, ಮೂರು ವರ್ಷ ಹಿಂಬಾಲಿಸಿದ ಅಧ್ಯಯನವೊಂದಿದೆ. ಉದ್ಯೋಗದ ಲಾಭ ಮೊದಲ ವರ್ಷದೊಳಗೇ ಕರಗಿಹೋಯಿತು. ಆದರೆ ಮತ್ತೆ ಜೈಲು ಸೇರುವುದು ಕಡಿಮೆಯಾಯಿತು, ಅದರಲ್ಲೂ ಬಿಡುಗಡೆಯಾಗಿ ಮೂರು ತಿಂಗಳೊಳಗೆ ಸೇರಿಕೊಂಡವರಲ್ಲಿ. ತಡವಾಗಿ ಬಂದವರಲ್ಲಿ ಅಷ್ಟು ಫಲ ಕಾಣಲಿಲ್ಲ. ಆದ್ದರಿಂದ ನಮ್ಮ ಲೆಕ್ಕವೆಲ್ಲ ಮೊದಲ 90 ದಿನದ್ದು.

ಆ 90 ದಿನಗಳಲ್ಲಿ ಮೊದಲ ಹತ್ತು ಪೂರ್ತಿ ಕಾಗದಪತ್ರಕ್ಕೆ. ಸ್ಕ್ರೂಡ್ರೈವರ್ ಕೈಗೆ ಕೊಡುವ ಮೊದಲು ಫೋನ್ ನಂಬರು ಕೇಳಿ. ಪ್ರೀಪೇಡ್ ಸಿಮ್ 90 ದಿನ ಬಳಸದೆ ಬಿದ್ದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಕೆಲಕಾಲದ ನಂತರ ಅದೇ ನಂಬರು ಇನ್ಯಾರಿಗೋ ಹೋಗುತ್ತದೆ. ನೋಡಲು ಸಣ್ಣ ಸಂಗತಿ, ಆದರೆ ಆಧಾರಿಗೆ ಜೋಡಿಸಿದ್ದು ಆ ನಂಬರೇ, ಬ್ಯಾಂಕಿನ ಒಟಿಪಿ ಬರುವುದೂ ಅದಕ್ಕೇ. ನಂಬರು ಸತ್ತರೆ ಖಾತೆ ತೆರೆಯದು, ತರಬೇತಿ ಸಂಸ್ಥೆಯ ಅರ್ಜಿಯೂ ಮುಂದಕ್ಕೆ ಹೋಗದು. ಆಧಾರಿನ ಮೊಬೈಲ್ ನಂಬರನ್ನು ಆನ್‌ಲೈನಿನಲ್ಲಿ ಬದಲಿಸಲು ಹೊರಟು ಎರಡು ದಿನ ಕಳೆಯಬೇಡಿ. ಹೊಸ ಸಿಮ್ ತೆಗೆಸಿ, ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚು ಕೊಡಿಸುವುದೇ ಹತ್ತಿರದ ದಾರಿ. ಹಳ್ಳಿಯಾದರೆ ಅಂಚೆ ಪಾವತಿ ಬ್ಯಾಂಕಿನ ಯಂತ್ರವಿರುವ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ನಂಬರು ಬದಲಿಸಿಕೊಡುತ್ತಾರೆ. ಇದು ಎಷ್ಟೋ ಕಾರ್ಯಕರ್ತರಿಗೇ ಗೊತ್ತಿಲ್ಲ.

ಬ್ಯಾಂಕ್ ಖಾತೆಯಲ್ಲಿ ಎರಡು ವರ್ಷ ಯಾವ ವಹಿವಾಟೂ ನಡೆಯದಿದ್ದರೆ ಅದು ನಿಷ್ಕ್ರಿಯ. ಹೊಸದಾಗಿ ಕೆವೈಸಿ ಕೊಟ್ಟರೆ ಮತ್ತೆ ಜೀವ ಬರುತ್ತದೆ, ಅದಕ್ಕೆ ಶುಲ್ಕವಿಲ್ಲ. ಹಳೆಯ ಖಾತೆ ಬಿಟ್ಟು ಹೊಸದು ಮಾಡಿಸುವ ಅವಸರ ಬೇಡ. ಹಳೆಯದರಲ್ಲಿ ಗ್ಯಾಸ್ ಸಬ್ಸಿಡಿಯೋ ಜೈಲಿನ ಕೂಲಿಯೋ ಬಿದ್ದಿರಬಹುದು. ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದು ಒಂದು ವರ್ಷದೊಳಗಿದ್ದರೆ ನವೀಕರಣ ಸಲೀಸು. ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ತಾರೀಖು ನೋಡಿ, ಹತ್ತಿರದಲ್ಲಿದ್ದರೆ ಅದನ್ನೇ ಮೊದಲು ಮಾಡಿ. ಜೈಲಿನಿಂದ ಕೊಟ್ಟ ಬಿಡುಗಡೆ ಚೀಟಿಯ ಮೂರು ಪ್ರತಿ ತೆಗೆಸಿ ಒಂದನ್ನು ಟ್ರಸ್ಟಿನಲ್ಲಿ ಇಟ್ಟುಕೊಳ್ಳಿ. ಮೂಲಪ್ರತಿ ಮಾತ್ರ ಅವನ ಹತ್ತಿರವೇ ಇರಬೇಕು. ಯಾರ ಮೂಲ ದಾಖಲೆಯನ್ನೂ ‘ಭದ್ರವಾಗಿರಲಿ’ ಅಂತ ಇಟ್ಟುಕೊಳ್ಳುವ ಚಾಳಿ ಒಳ್ಳೆಯದಲ್ಲ. ಅವನ ವಸ್ತುಗಳೆಲ್ಲ ಇನ್ನೊಬ್ಬರ ಕಪಾಟಿನಲ್ಲಿದ್ದ ಕಾಲ ಈಗಷ್ಟೇ ಮುಗಿದಿದೆ.

ಇನ್ನು ಕೋರ್ಟು. ಎಲ್ಲರೂ ‘ಡೇಟ್’ ಎಂದೇ ಕರೆಯುವ ಆ ದಿನ ತರಬೇತಿಯ ದೊಡ್ಡ ಶತ್ರು. ಹೋದರೆ ಪಾಠ ತಪ್ಪುತ್ತದೆ, ಹೋಗದಿದ್ದರೆ ವಾರಂಟ್. ಎರಡು ಸಲ ತಪ್ಪಿದರೆ ಶ್ಯೂರಿಟಿ ಕೊಟ್ಟ ನೆಂಟನ ಪಹಣಿಗೂ ಕುತ್ತು. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ಡೇಟ್, ಹಿಂದಿನ ಆದೇಶ ಎರಡೂ ಸಿಗುತ್ತವೆ. ಸೇರ್ಪಡೆಯ ದಿನವೇ ಆ ಸಂಖ್ಯೆಯನ್ನು ಒಂದು ಗಟ್ಟಿ ಕಾರ್ಡಿನ ಮೇಲೆ ಬರೆದುಕೊಡಿ; ಕೆಳಗೆ ಕೋರ್ಟು ಹಾಲಿನ ನಂಬರು, ವಕೀಲರ ಫೋನು, ಡೇಟುಗಳಿಗೆ ಖಾಲಿ ಗೆರೆ. ಫೋನು ಕಳೆಯುತ್ತದೆ, ಕಾರ್ಡು ಅಂಗಿ ಜೇಬಿನಲ್ಲೇ ಉಳಿಯುತ್ತದೆ. ಪ್ರತಿ ಶನಿವಾರ ಎಲ್ಲರ ಕಾರ್ಡು ಮೇಜಿನ ಮೇಲೆ ಬರಲಿ. ಮುಂದಿನ ವಾರ ಯಾರ ಡೇಟ್ ಇದೆ, ಹೋಗಲೇಬೇಕೋ ಅಥವಾ ಹಾಜರಿ ವಿನಾಯಿತಿಯ ಅರ್ಜಿ ಹಾಕಿಸಬಹುದೋ, ವಕೀಲರನ್ನು ಅಂದೇ ಕೇಳಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಹೊರಬಂದ ಮೇಲೆ ಆ ಕಾರಣ ಹೋಗುತ್ತದೆ. ಮಹಿಳೆ, ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಎಂಬಂಥ ಬೇರೆ ಕಾರಣದ ಮೇಲೆ ಅದನ್ನು ಮುಂದುವರಿಸಬೇಕಾಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ, ಜೊತೆಗೆ ಜಾತಿ-ಆದಾಯ ಪ್ರಮಾಣಪತ್ರ. ಇದೂ ಮೊದಲ ಹತ್ತು ದಿನದ ಕೆಲಸವೇ.

ಡೇಟಿನ ಈ ಕಾಟದಿಂದಾಗಿಯೇ ಪಠ್ಯಕ್ರಮವನ್ನು ಸರಪಳಿಯಂತೆ ಕಟ್ಟಬಾರದು. ಸೋಮವಾರ ಕಲಿತದ್ದರ ಮೇಲೆ ಮಂಗಳವಾರ, ಅದರ ಮೇಲೆ ಬುಧವಾರ ಎಂದು ಹೋದರೆ ಒಂದು ಗೈರುಹಾಜರಿಗೇ ಹುಡುಗ ಹಿಂದೆ ಬೀಳುತ್ತಾನೆ, ಎರಡಕ್ಕೆ ಮುಖ ತಪ್ಪಿಸುತ್ತಾನೆ, ಮೂರನೆಯದಕ್ಕೆ ಬರುವುದೇ ಇಲ್ಲ. ಆಯಾ ದಿನದ ಕೆಲಸ ಅಂದೇ ಮುಗಿಯುವಂತಿರಲಿ. ವಾರದಲ್ಲಿ ಅರ್ಧ ದಿನ ‘ಬಾಕಿ ಪಾಠ’ಕ್ಕೆಂದೇ ಮೀಸಲಿಡಿ.

ಯಾವ ಕಸುಬು ಅನ್ನುವ ಪ್ರಶ್ನೆ ಈಗ. ಮೊದಲು ಕೈಬಿಡಬೇಕಾದ್ದನ್ನು ಹೇಳಿಬಿಡುತ್ತೇವೆ. ಸೆಕ್ಯುರಿಟಿ ಗಾರ್ಡ್ ತರಬೇತಿ ಸುಲಭ, ಬೇಡಿಕೆಯೂ ಇದೆ, ದಾನಿಗಳೂ ಮೆಚ್ಚುತ್ತಾರೆ. ಆದರೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ 10ನೇ ಕಲಂ ನಡತೆ-ಪೂರ್ವಾಪರದ ಪರಿಶೀಲನೆ ಕೇಳುತ್ತದೆ, ಶಿಕ್ಷೆಯಾದವರನ್ನು ನೇಮಿಸಲೇಬಾರದು ಎನ್ನುತ್ತದೆ. ಟ್ಯಾಕ್ಸಿ, ಡೆಲಿವರಿ, ಐಟಿ ಕಂಪನಿಗಳ ಹೌಸ್‌ಕೀಪಿಂಗ್ ಇಲ್ಲೆಲ್ಲ ಹಿನ್ನೆಲೆ ತಪಾಸಣೆ ನಡೆಯುತ್ತದೆ. ಎರಡು ತಿಂಗಳು ಕಲಿಸಿ, ಕೊನೆಗೆ ಫಾರಮ್ಮಿನ ಒಂದು ಕಾಲಮ್ಮಿನಲ್ಲಿ ತಿರಸ್ಕಾರ ಮಾಡಿಸುವುದು ಕ್ರೌರ್ಯ. ಹಾಗೆಯೇ, ಯಾರಿಗೆ ಯಾವ ಕೆಲಸ ಎನ್ನುವುದನ್ನು ಜಾತಿ ನೋಡಿ ತೀರ್ಮಾನಿಸುವ ಜೈಲಿನ ಹಳೆಯ ಅಭ್ಯಾಸ ನಮ್ಮ ಟ್ರಸ್ಟಿನ ಬಾಗಿಲಲ್ಲಿ ನುಸುಳಬಾರದು. ಅಡುಗೆ ಒಬ್ಬರಿಗೆ, ಕಸಗುಡಿಕೆ ಇನ್ನೊಬ್ಬರಿಗೆ ಎಂದು ಜಾತಿಯ ಮೇಲೆ ಹಂಚುತ್ತಿದ್ದ ಜೈಲು ಕೈಪಿಡಿಯ ನಿಯಮಗಳನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ರದ್ದು ಮಾಡಿದೆ. ‘ಒಳಗೆ ಏನು ಮಾಡುತ್ತಿದ್ದೆ? ಸ್ವಚ್ಛತೆಯಾ? ಹಾಗಾದರೆ ಹೌಸ್‌ಕೀಪಿಂಗ್ ಕಲಿ’ ಎನ್ನುವ ಸಲಹೆಯ ಹಿಂದೆ ಆ ನಿಯಮವೇ ಉಸಿರಾಡುತ್ತಿರುತ್ತದೆ.

ಗ್ರಾಮೀಣ ಕರ್ನಾಟಕಕ್ಕೆ ಮರಳುವವರಿಗೆ ನಮ್ಮ ಶಿಫಾರಸು ಮೋಟರ್ ವೈಂಡಿಂಗ್, ಅಂದರೆ ಸುಟ್ಟ ಮೋಟರಿನ ಹಳೆಯ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಬೋರ್‌ವೆಲ್ ಇರುವ ಹೋಬಳಿಯಲ್ಲೆಲ್ಲ ಸುಟ್ಟ ಮೋಟರ್ ಇರುತ್ತದೆ. ಅಂಗಡಿ ಸಣ್ಣದು, ಮಾಲೀಕನೇ ಮೇಸ್ತ್ರಿ. ಪೊಲೀಸ್ ವೆರಿಫಿಕೇಷನ್ ಕೇಳುವವರಿಲ್ಲ. ಬೇರೆಯವರ ಮನೆಯೊಳಗೆ ಹೋಗಬೇಕಾಗಿಲ್ಲ, ಮೋಟರೇ ಅಂಗಡಿಗೆ ಬರುತ್ತದೆ. ಕಳ್ಳತನದ ಕೇಸಿನವನಿಗೆ ಇದು ಸಣ್ಣ ಸಮಾಧಾನವಲ್ಲ. ಇದನ್ನು ಕಲಿಸುವ ವ್ಯವಸ್ಥೆಯೂ ನಮ್ಮಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈಗ ದೇಶದ ಹೆಚ್ಚಿನ ಜಿಲ್ಲೆಗಳಲ್ಲಿ ಆರ್‌ಸೆಟಿಗಳಿವೆ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು). ಊಟ, ವಸತಿ ಸಹಿತ ತರಬೇತಿ ಉಚಿತ. ಮೋಟರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ದುರಸ್ತಿ ಅಲ್ಲಿ 30 ದಿನದ ಕೋರ್ಸು. ತರಬೇತಿಯ ನಂತರ ಎರಡು ವರ್ಷ ಹಿಂಬಾಲಿಸುವ ಪದ್ಧತಿಯೂ ಇದೆ. ಟ್ರಸ್ಟ್ ತಾನೇ ಎಲ್ಲ ಕಲಿಸುವ ಹಟ ಹಿಡಿಯಬೇಕಿಲ್ಲ. ಮೊದಲ 15 ದಿನ ನೀವು ಕೈ ಪಳಗಿಸಿ, ನಂತರದ 30 ದಿನ ಅಲ್ಲಿಗೆ ಕಳಿಸಿ. ವಸತಿ ತರಬೇತಿಯ ನಡುವೆ ಡೇಟ್ ಬೀಳುತ್ತದೆಯೇ ಎಂದು ಮೊದಲೇ ನೋಡಿ, ಬಿದ್ದರೆ ಸಂಸ್ಥೆಯವರಿಗೆ ‘ಕೋರ್ಟ್ ಕೆಲಸ’ ಎಂದಷ್ಟೇ ಬರೆದು ಒಂದು ದಿನದ ರಜೆ ಕೇಳಿ. ಜಾಮೀನಿನ ಷರತ್ತಿನಲ್ಲಿ ವಾರಕ್ಕೊಮ್ಮೆ ಠಾಣೆಗೆ ಹಾಜರಿ ಎಂದಿದ್ದರೆ ವಸತಿ ತರಬೇತಿ ಆಗುವ ಮಾತಲ್ಲ. ಷರತ್ತು ಸಡಿಲಿಸಲು ಅರ್ಜಿ ಹಾಕಿಸಿ, ಅಲ್ಲಿಯವರೆಗೆ ಇಲ್ಲೇ ಕಲಿಸಿ.

ಎಂಟು ಜನರ ತಂಡಕ್ಕೆ ನಾಲ್ಕು ಮೇಜು ಸಾಕು, ಮೇಜಿಗಿಬ್ಬರು. ಎಣಿಕೆ ಮೀಟರ್ ಇರುವ ಕೈಚಾಲಿತ ಸುತ್ತುವ ಯಂತ್ರ ಎರಡು, ಅಳತೆ ಬದಲಿಸಬಹುದಾದ ಅಚ್ಚುಗಳು, ತಂತಿಯ ಗೇಜು (ದಪ್ಪ) ನೋಡಲು ಮೈಕ್ರೋಮೀಟರ್, ಕರೆಂಟ್ ಸೋರಿಕೆ ಇಲ್ಲವೆಂದು ಪರೀಕ್ಷಿಸಲು 500 ವೋಲ್ಟಿನ ಮೆಗ್ಗರ್, ಕ್ಲ್ಯಾಂಪ್ ಮೀಟರ್, ಬೇರಿಂಗ್ ಪುಲ್ಲರ್, ಬೆಸುಗೆ ಕಡ್ಡಿ, ತಂತಿಯ ಸಂಪರ್ಕವನ್ನು ಬಲ್ಬು ಉರಿಸಿ ನೋಡುವ ಸೀರೀಸ್ ಲ್ಯಾಂಪಿನ ಬೋರ್ಡು. ಗುಜರಿಯಿಂದ ತಂದ ಸತ್ತ ಮೋಟರ್‌ಗಳೇ ಪಠ್ಯಪುಸ್ತಕ. ಒಂದು ತಕ್ಕಡಿಯೂ ಬೇಕು, ಅದರ ವಿಚಾರ ಆಮೇಲೆ.

ಮೊದಲ ಮೂರು ದಿನ ಸೀರೀಸ್ ಲ್ಯಾಂಪ್ ಮತ್ತು ಮೀಟರ್ ಹಿಡಿಯುವುದಷ್ಟೇ. ನಂತರ ಸೀಲಿಂಗ್ ಫ್ಯಾನ್. ಅದರ ಕಾಯಿಲ್ (ತಂತಿಯ ಸುರುಳಿ) ಚಿಕ್ಕದು, ತಂತಿ ಕಡಿಮೆ, ತಪ್ಪಾದರೆ ನಷ್ಟವೂ ಕಡಿಮೆ. ಮುಖ್ಯವಾಗಿ ಎರಡೇ ದಿನದಲ್ಲಿ ತಿರುಗಿ ತೋರಿಸುತ್ತದೆ. ತನ್ನ ಕೈಯಲ್ಲಿ ಕಟ್ಟಿದ ಫ್ಯಾನ್ ತಿರುಗುವುದನ್ನು ಮೊದಲ ವಾರದಲ್ಲೇ ನೋಡಿದವನು ಎರಡನೇ ವಾರಕ್ಕೆ ಬರುತ್ತಾನೆ. ಆಮೇಲೆ ಮೂರು ಫೇಸಿನ ಮೋಟರ್. ಇಲ್ಲಿ ಒಂದೇ ಒಂದು ಲೆಕ್ಕ ಬಾಯಿಪಾಠವಾಗಬೇಕು: ಸ್ಲಾಟುಗಳ (ಕಾಯಿಲ್ ಕೂರುವ ಸೀಳುಗಳ) ಸಂಖ್ಯೆಯನ್ನು ಪೋಲುಗಳಿಂದ (ಕಾಂತ ಧ್ರುವಗಳಿಂದ) ಭಾಗಿಸಿದರೆ ಕಾಯಿಲಿನ ಪೂರ್ಣ ಅಗಲ. 24 ಸ್ಲಾಟ್, 4 ಪೋಲ್ ಆದರೆ 6. ಒಂದನೇ ಸ್ಲಾಟಿನಲ್ಲಿ ಇಳಿದ ಕಾಯಿಲ್ ಏಳನೆಯದರಲ್ಲಿ ಏಳುತ್ತದೆ. 36 ಸ್ಲಾಟ್ ಆದರೆ 9. ಅದನ್ನು ಮತ್ತೆ ಮೂರರಿಂದ ಭಾಗಿಸಿದರೆ ಪ್ರತಿ ಪೋಲಿನಲ್ಲಿ ಒಂದು ಫೇಸಿಗೆ ಸಿಗುವ ಸ್ಲಾಟ್: 24ಕ್ಕೆ 2, 36ಕ್ಕೆ 3. ಏಳನೇ ಕ್ಲಾಸು ಓದಿದವರಿಗೆ ಈ ಲೆಕ್ಕ ಸಾಕು. ಓದು ಬಾರದವರಿಗೆ ಸ್ಟೇಟರಿನ (ಮೋಟರಿನ ತಿರುಗದ ಭಾಗದ) ಮೇಲೆ ಮೂರು ಬಣ್ಣದ ಸೀಮೆಸುಣ್ಣದಿಂದ ಗುರುತು ಹಾಕಿಸಿ.

ಕೆಡುವುದು ಎಲ್ಲಿ? ಬಿಚ್ಚುವಾಗಲೇ. ಹಳೆಯ ಸುತ್ತನ್ನು ಎಣಿಸುವ ಮೊದಲು ಉಳಿಯಿಂದ ಕಾಯಿಲಿನ ತಲೆ (ಸ್ಲಾಟಿನಿಂದ ಹೊರಚಾಚಿದ ಭಾಗ) ಕತ್ತರಿಸಿಬಿಟ್ಟರೆ ಆ ಮೋಟರಿನ ಜಾತಕವೇ ಹೋಯಿತು. ಆದ್ದರಿಂದ ಬಿಚ್ಚುವ ಮೊದಲು ದತ್ತಾಂಶದ ಕಾರ್ಡು: ಹೆಸರುಫಲಕದಲ್ಲಿರುವುದೆಲ್ಲ, ಸ್ಲಾಟ್ ಸಂಖ್ಯೆ, ಕಾಯಿಲಿನ ಅಗಲ, ಫೇಸುಗಳ ಜೋಡಣೆ ಸ್ಟಾರ್ ಅಥವಾ ಡೆಲ್ಟಾ, ತಲೆಯ ಎತ್ತರ. ಬಿಚ್ಚುತ್ತಾ ಒಂದು ಇಡೀ ಕಾಯಿಲನ್ನು ಉಳಿಸಿಕೊಂಡು ಸುತ್ತುಗಳ ಎಣಿಕೆ, ತಂತಿಯ ಗೇಜು, ಎಷ್ಟು ತಂತಿ ಜೋಡಿಯಾಗಿ ಹೋಗಿವೆ ಎಂಬುದನ್ನು ಸೇರಿಸುವುದು. ಗೇಜು ಅಳೆಯುವಾಗ ತಂತಿಯ ಮೇಲಿನ ಎನಾಮಲ್ ಲೇಪ ಸುಟ್ಟು ತೆಗೆದು ಬರಿ ತಾಮ್ರ ಅಳೆಯಬೇಕು. ಹಾಗೇ ಅಳೆದರೆ ಒಂದು ಗೇಜು ದಪ್ಪ ತೋರಿಸುತ್ತದೆ. ಎರಡನೇ ತಪ್ಪು, ಹಳೆಯ ವಾರ್ನಿಷ್ ಬಿಡಿಸಲು ಸ್ಟೇಟರಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚುವುದು. ರಸ್ತೆಬದಿಯ ಅಂಗಡಿಗಳಲ್ಲಿ ಇದೇ ರೂಢಿ. ಶಾಖ ಸುಮಾರು 350 ಡಿಗ್ರಿ ದಾಟಿದರೆ ಉಕ್ಕಿನ ತಗಡುಗಳ ನಡುವಿನ ನಿರೋಧಕ ಲೇಪ ಹೋಗುತ್ತದೆ, ಕಟ್ಟಿದ ಮೋಟರ್ ಲೋಡಿಲ್ಲದೆಯೇ ಬಿಸಿಯಾಗುತ್ತದೆ. ಗಿರಾಕಿ ಬೈಯುವುದು ಕಾಯಿಲ್ ಕಟ್ಟಿದವನನ್ನು, ಬೆಂಕಿ ಹಚ್ಚಿದವನನ್ನಲ್ಲ.

ಸ್ಲಾಟಿನ ಕಾಗದ ಎರಡೂ ತುದಿಯಲ್ಲಿ ಮೂರರಿಂದ ಐದು ಮಿಲಿಮೀಟರ್ ಹೊರಚಾಚಬೇಕು. ಕಡಿಮೆಯಾದರೆ ಅಂಚಿನ ತಗಡು ತಂತಿಯ ಎನಾಮಲ್ ಗೀರಿ ಮೋಟರಿನ ಹೊರಮೈಗೆ ಶಾರ್ಟ್. ಸುತ್ತುವಾಗ ಒಬ್ಬರು ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ. ಒಂದು ಕಾಯಿಲಿನಲ್ಲಿ ಸುತ್ತು ಕಡಿಮೆಯಾದರೂ ಮೋಟರ್ ಗುಂಯ್ ಅನ್ನುತ್ತದೆ. ಮೂರೂ ಫೇಸಿನ ಓಮ್ ಅಳತೆ ಶೇ. 2–3ಕ್ಕಿಂತ ಹೆಚ್ಚು ವ್ಯತ್ಯಾಸ ತೋರಿಸಿದರೆ ವಾರ್ನಿಷ್ ಮಾಡಬೇಡಿ, ಬಿಚ್ಚಿ. ವಾರ್ನಿಷಿಗೆ ಮುಂಚೆ 100–110 ಡಿಗ್ರಿಯಲ್ಲಿ ತೇವ ಓಡಿಸಿ, ಅದ್ದಿ ಗುಳ್ಳೆ ನಿಲ್ಲುವ ತನಕ ಬಿಟ್ಟು, ಸೋರಿಸಿ, 120–130 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಬೇಕು. ಮಲೆನಾಡಿನ ಜುಲೈಯಲ್ಲಿ ಈ ಮೊದಲ ಹಂತ ಬಿಟ್ಟರೆ ಮೆಗ್ಗರ್ ಮುಳ್ಳು ಏಳುವುದೇ ಇಲ್ಲ. ಹೊಸ ಸುತ್ತು 100 ಮೆಗಾಓಮಿಗಿಂತ ಮೇಲೆ ತೋರಿಸಲಿ. 5ಕ್ಕಿಂತ ಕೆಳಗಿದ್ದರೆ ಕರೆಂಟ್ ಕೊಡುವ ಮಾತೇ ಬೇಡ.

ಸಬ್‌ಮರ್ಸಿಬಲ್ ಬೇರೆಯೇ ಪಾಠ. ಒಳಗೆ ನೀರು ತುಂಬುವ ಬಗೆಯದರಲ್ಲಿ ಎನಾಮಲ್ ತಂತಿ, ವಾರ್ನಿಷ್ ಯಾವುದೂ ನಡೆಯುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಸ್ಲಾಟಿನೊಳಗೆ ಒಂದೊಂದಾಗಿ ಎಳೆದು ಹಾಕಬೇಕು. ಅವಸರದಲ್ಲಿ ಎಳೆದರೆ ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಮೇಜಿನ ಮೇಲೆ ಪಾಸಾದ ಮೋಟರ್ 400 ಅಡಿ ಕೆಳಗೆ ಹೋಗಿ ಸಾಯುತ್ತದೆ. ಅದಕ್ಕೇ ಕಟ್ಟಿದ ಸ್ಟೇಟರನ್ನು ಒಂದು ರಾತ್ರಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಮೆಗ್ಗರ್ ಹಾಕುವ ನಿಯಮ. ಬಾವಿಗೆ ಇಳಿಸುವ ಮೊದಲು ಮೋಟರಿನೊಳಗೆ ಶುದ್ಧ ನೀರು ತುಂಬಿ ಗಾಳಿ ಹೊರಹಾಕಿದ್ದಾರೆಯೇ ಎಂದು ರೈತನನ್ನು ಕೇಳುವುದೂ ಕಸುಬಿನ ಭಾಗವೇ. ಒಂದು ಫೇಸ್ ಹೋಗಿಯೋ, ವೋಲ್ಟೇಜ್ ಇಳಿದೋ, ಬಾವಿ ಬತ್ತಿ ಒಣ ಓಡಿಯೋ ಸುಟ್ಟ ಮೋಟರನ್ನು ಕಾರಣ ಹೇಳದೆ ಕಟ್ಟಿಕೊಟ್ಟರೆ ಹದಿನೈದು ದಿನಕ್ಕೆ ಅದೇ ಮೋಟರ್ ವಾಪಸ್ ಬರುತ್ತದೆ, ಜೊತೆಗೆ ಜಗಳವೂ.

ಈಗ ತಕ್ಕಡಿ. ಬೇರೆ ಕಡೆ ಕೆಲಸ ಕೆಟ್ಟರೆ ಬೈಗುಳ, ಇಲ್ಲಿ ತಾಮ್ರ ಕಡಿಮೆಯಾದರೆ ಕಳ್ಳತನ. 5 ಎಚ್‌ಪಿ ಮೋಟರೊಂದರಲ್ಲಿ ಕಿಲೋಗಟ್ಟಲೆ ತಾಮ್ರವಿರುತ್ತದೆ, ಗುಜರಿಯವನು ಪ್ರಶ್ನೆ ಕೇಳದೆ ಕೊಳ್ಳುತ್ತಾನೆ. ಅಂಗಡಿ ಮಾಲೀಕನಿಗೆ ಜೈಲಿನಿಂದ ಬಂದವನ ಬಗ್ಗೆ ಇರುವ ಮೊದಲ ಭಯ ಕೊಲೆಯದ್ದಲ್ಲ, ತಾಮ್ರದ್ದು. ಇದನ್ನು ‘ನಂಬಿಕೆ ಇಡಿ ಸ್ವಾಮಿ’ ಎಂದು ಮಾತಿನಲ್ಲಿ ಬಗೆಹರಿಸಲು ಹೋಗಬೇಡಿ. ಮೊದಲ ದಿನದಿಂದಲೇ ತೂಕದ ಚೀಟಿ ಕಲಿಸಿ. ಬಿಚ್ಚಿದ ಹಳೆಯ ತಾಮ್ರದ ತೂಕ, ಹೊಸ ತಂತಿಯ ರೀಲಿನ ತೂಕ ಕೆಲಸದ ಮೊದಲು ಮತ್ತು ನಂತರ, ಉಳಿದ ತುಂಡುಗಳ ತೂಕ, ತಾರೀಖು, ಇಬ್ಬರ ಸಹಿ. ಹಳೆಯ ತಾಮ್ರ ಎನಾಮಲ್, ವಾರ್ನಿಷ್ ಸುಟ್ಟು ಹೋಗಿರುವುದರಿಂದ ಹೊಸದಕ್ಕಿಂತ ಒಂದಿಷ್ಟು ಹಗುರ ಬರುತ್ತದೆ. ಆ ವ್ಯತ್ಯಾಸ ಎಷ್ಟೆಂದು ಹತ್ತು ಮೋಟರಿನ ಚೀಟಿಗಳಿಂದ ತರಬೇತಿಯಲ್ಲೇ ಕಂಡುಕೊಂಡಿರಬೇಕು. ಆಗ ಮಾಲೀಕ ‘200 ಗ್ರಾಂ ಎಲ್ಲಿ?’ ಎಂದರೆ ಉತ್ತರ ಪುಸ್ತಕದಲ್ಲಿರುತ್ತದೆ. ಆಣೆಪ್ರಮಾಣಕ್ಕೆ ಬೆಲೆ ಸಿಗದವನಿಗೆ ಈ ಪುಸ್ತಕಕ್ಕಿಂತ ಒಳ್ಳೆಯ ವಕೀಲನಿಲ್ಲ. ಗಿರಾಕಿಯ ಎದುರೇ ತೂಗುವ ಅಂಗಡಿಗೆ ಗಿರಾಕಿಯೂ ಹೆಚ್ಚು, ಇದು ಮಾಲೀಕನಿಗೆ ಅರ್ಥವಾಗಲು ಒಂದು ಹಂಗಾಮು ಬೇಕಷ್ಟೇ.

ಹಣದ ಮಾತು. ತರಬೇತಿ ಭತ್ಯೆಯನ್ನು ತಿಂಗಳ ಕೊನೆಗೆ ಕೊಡುವ ಟ್ರಸ್ಟುಗಳಲ್ಲಿ ಎರಡನೇ ವಾರಕ್ಕೇ ಬೆಂಚು ಖಾಲಿಯಾಗುತ್ತದೆ. ಬಸ್ ಚಾರ್ಜು, ಊಟ, ಮನೆಯವರ ಮುಖ ಇವಕ್ಕೆಲ್ಲ ಇವತ್ತೇ ದುಡ್ಡು ಬೇಕು. ಇವತ್ತೇ ಕೊಡಲು ಸಿದ್ಧವಿರುವವರು ಅವನ ಹಳೆಯ ಸಂಗಡಿಗರು. ಮೊದಲ ಎರಡು ವಾರ ದಿನದಿನವೂ, ಆಮೇಲೆ ಶನಿವಾರ ಶನಿವಾರ ಕೊಡಿ. ಲೆಕ್ಕ ಹೀಗೆ ಹಾಕಿ: 8 ಜನ, 45 ದಿನ, ದಿನಕ್ಕೆ 350 ರೂಪಾಯಿ ಎಂದರೆ 1,26,000. ಉಪಕರಣಕ್ಕೆ ದಾನಿ ಸಿಗುತ್ತಾರೆ, ಹೆಸರು ಕೆತ್ತಿಸಬಹುದಲ್ಲ. ಭತ್ಯೆಗೆ ಸಿಗುವುದು ಕಷ್ಟ. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಯಂತ್ರ ಒಂದು ಕಡಿಮೆ ಮಾಡಿ, ಭತ್ಯೆ ಮುಟ್ಟಬೇಡಿ. ಮುಂದೆ ಸ್ವಂತ ಅಂಗಡಿ ಇಡುವವರಿಗೆ ಕೇಂದ್ರದ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿಯವರೆಗೆ ಇದೆ. ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮೋಟರ್ ವೈಂಡಿಂಗ್ ಇಲ್ಲ. ದರ್ಜಿ, ಬಡಗಿ, ಗಾರೆ, ಕ್ಷೌರ, ಬೀಗದ ಕೆಲಸ ಮುಂತಾದವರಿಗೆ ಅಲ್ಲಿ 15,000 ರೂಪಾಯಿಯ ಉಪಕರಣದ ವೋಚರ್ ಸಿಗುತ್ತದೆ. ಜೈಲಿನಿಂದ ಬಂದವನಿಗೆ ಬೀಗದ ಕೆಲಸ ಕಲಿಸಿ ಎಂದು ಯಾವ ಸಮಿತಿಯೂ ಹೇಳಲಾರದು, ಅದು ಬೇರೆ ಮಾತು.

ತರಬೇತುದಾರರಿಗೆ ಮೊದಲೇ ಹೇಳಿಡಬೇಕಾದ ಸಂಗತಿಯೊಂದಿದೆ. ಕೆಲವರು ಹೇಳುವ ತನಕ ಸುಮ್ಮನೆ ನಿಂತಿರುತ್ತಾರೆ. ಪಕ್ಕದಲ್ಲೇ ಇರುವ ಇಕ್ಕಳ ತೆಗೆದುಕೊಳ್ಳುವುದಿಲ್ಲ, ಮೂತ್ರಕ್ಕೂ ಅಪ್ಪಣೆ ಕೇಳುತ್ತಾರೆ. ಮೇಸ್ತ್ರಿ ಇದನ್ನು ಸೋಮಾರಿತನ ಎಂದುಕೊಳ್ಳುತ್ತಾನೆ. ಕೇಳದೆ ಒಂದು ವಸ್ತು ಮುಟ್ಟಿದರೆ ಶಿಕ್ಷೆಯಾಗುತ್ತಿದ್ದ ಜಾಗದಲ್ಲಿ ಮೂರು ವರ್ಷ ಇದ್ದವನ ಕೈ ಅದು. ಉಪಕರಣದ ಹಲಗೆಯ ಮೇಲೆ ಪ್ರತಿಯೊಂದರ ಆಕಾರವನ್ನು ಬಣ್ಣದಲ್ಲಿ ಬರೆದು, ‘ಕೇಳಬೇಕಿಲ್ಲ, ಸಂಜೆ ಇಲ್ಲೇ ನೇತುಹಾಕಿ’ ಎಂದು ಬರೆಯಿರಿ. ಇಕ್ಕಳ ಕಾಣದಿದ್ದರೆ ಖಾಲಿ ಆಕಾರ ಎಲ್ಲರಿಗೂ ಒಟ್ಟಿಗೇ ಕಾಣುತ್ತದೆ, ಒಬ್ಬನ ಜೇಬು ತಡಕುವ ಪ್ರಸಂಗ ಬರುವುದಿಲ್ಲ.

ಮಾಲೀಕನಿಗೆ ಹೇಳಬೇಕೇ? ಹೇಳಬೇಕು, ಸೇರುವ ಮೊದಲೇ. ತಿಂಗಳ ನಂತರ ಬೇರೆಯವರ ಬಾಯಿಂದ ಗೊತ್ತಾದರೆ ಕೆಲಸ ಹೋಗುತ್ತದೆ, ಟ್ರಸ್ಟಿನ ಹೆಸರೂ. ಆದರೆ ಹೇಳುವುದು ಅವನೇ, ಅವನ ಮಾತಿನಲ್ಲಿ, ಮೂರು ವಾಕ್ಯಗಳಲ್ಲಿ: ಕೇಸು ಯಾವ ಹಂತದಲ್ಲಿದೆ, ಏನು ಕಲಿತಿದ್ದೇನೆ, ತಿಂಗಳಿಗೆ ಎಷ್ಟು ದಿನ ಕೋರ್ಟಿಗೆ ಹೋಗಬೇಕು. ಇದನ್ನು ತರಬೇತಿಯಲ್ಲಿ ಹತ್ತು ಸಲ ಆಡಿಸಿ. ಖುಲಾಸೆಯಾದವನು ‘ಜೈಲಿಗೆ ಹೋಗಿದ್ದೆ’ ಎಂದು ತಲೆ ತಗ್ಗಿಸಬೇಕಿಲ್ಲ, ‘ಕೇಸಿನಲ್ಲಿ ಖುಲಾಸೆಯಾಗಿದೆ, ತೀರ್ಪಿನ ಪ್ರತಿ ಇದೆ’ ಎಂದರಾಯಿತು. ಜೊತೆ ಕೆಲಸದವರಿಗೆ ತಿಳಿಸುವುದು ಅವನ ಇಷ್ಟ. ಸರ್ಕಾರಿ ನೌಕರಿಯ ಫಾರಮ್ಮು ತುಂಬುವವರಿಗೆ 2016ರ ಅವತಾರ್ ಸಿಂಗ್ ತೀರ್ಪು ಗೊತ್ತಿರಲಿ: ಕೇಳಿದ್ದಕ್ಕೆ ನಿಜ ಬರೆಯಲೇಬೇಕು. ಮುಚ್ಚಿಟ್ಟರೆ ಅದೇ ಕಾರಣಕ್ಕೆ ಕೆಲಸ ಹೋಗಬಹುದು; ನಿಜ ಬರೆದರೂ ಕೊಡಲೇಬೇಕೆಂದಿಲ್ಲ, ಆದರೆ ಅಧಿಕಾರಿ ಎಲ್ಲ ಸಂಗತಿಗಳನ್ನೂ ತೂಗಿ ನೋಡಬೇಕು. 1958ರ ಪ್ರೊಬೇಷನ್ ಕಾಯ್ದೆಯಡಿ (ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಮೇಲೆ ಬಿಡುವ ಕಾಯ್ದೆ) ಬಿಡುಗಡೆಯಾದವರಿಗೆ ಅದರ 12ನೇ ಕಲಂ ಶಿಕ್ಷೆಯಿಂದ ಬರುವ ಅನರ್ಹತೆಯನ್ನು ತೆಗೆದುಹಾಕುತ್ತದೆ. ಅಂಥವರ ಆದೇಶದ ಪ್ರತಿ ಕಡತದಲ್ಲಿರಲಿ.

ಮಹಿಳೆಯರು ಜೈಲುಗಳಲ್ಲಿ ಶೇ. 4ರ ಆಸುಪಾಸು. ಸಂಖ್ಯೆ ಕಡಿಮೆ ಎಂದು ಒಂದು ಹೊಲಿಗೆ ಯಂತ್ರ ಕೊಟ್ಟು ಮುಗಿಸುವುದು ನಮ್ಮ ಸೋಮಾರಿತನ. ಫ್ಯಾನ್, ಮಿಕ್ಸಿ, ಸಣ್ಣ ಪಂಪಿನ ವೈಂಡಿಂಗ್ ಅವರು ಮನೆಯಲ್ಲೇ ಮಾಡಬಲ್ಲರು. ಆದರೆ ಎಷ್ಟೋ ಮಂದಿಗೆ ಗಂಡನ ಮನೆ, ತವರು ಎರಡೂ ಬಾಗಿಲು ಹಾಕಿರುತ್ತವೆ. ಮೊದಲು ಬೇಕಾದ್ದು ವಿಳಾಸ. ಶಕ್ತಿ ಯೋಜನೆಯ ಉಚಿತ ಬಸ್ಸಿಗೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಅದು ಸಿಗುವ ತನಕ ಬಸ್ ಚಾರ್ಜು ಟ್ರಸ್ಟಿನ ಖರ್ಚಿನಲ್ಲಿ ಬರೆದಿಡಿ.

ಪ್ರಮಾಣಪತ್ರದ ಮೇಲೆ ಜೈಲು, ಕೈದಿ, ಪುನರ್ವಸತಿ ಎಂಬ ಯಾವ ಪದವೂ ಅಚ್ಚಾಗಬಾರದು. ಟ್ರಸ್ಟಿನ ಹೆಸರಲ್ಲೇ ಆ ಪದವಿದ್ದರೆ ಆರ್‌ಸೆಟಿಯ ಪ್ರಮಾಣಪತ್ರ ಮಾತ್ರ ಕೊಡಿ. ಸಮಾರೋಪದ ಫೋಟೊವನ್ನು ದಾನಿಗಳು ಕೇಳುತ್ತಾರೆ: ಕೈಗಳ ಫೋಟೊ, ಕಟ್ಟಿದ ಸ್ಟೇಟರಿನ ಫೋಟೊ ಕಳಿಸಿ. ಮುಖ ಬೇಡ. ಶಿಕ್ಷೆಗೆ ಅವಧಿ ಇರುತ್ತದೆ, ಫೇಸ್‌ಬುಕ್ಕಿನ ಫೋಟೊಕ್ಕೆ ಇರುವುದಿಲ್ಲ.

ಕೊನೆಯದಾಗಿ ಪಂಚಾಂಗ. ಬೋರ್‌ವೆಲ್ ಮೋಟರ್ ಸುಡುವ ಕಾಲ ಫೆಬ್ರವರಿಯಿಂದ ಮೇ. ಆಗ ಅಂಗಡಿಯ ಮುಂದೆ ಮೋಟರ್ ಸಾಲುಗಟ್ಟಿರುತ್ತದೆ, ಕಲಿಸಲು ಯಾರಿಗೂ ಪುರುಸೊತ್ತಿಲ್ಲ, ಆದರೆ ಕೈಗಳಿಗೆ ಬರ. ಜೂನ್ ಕಳೆದರೆ ಕೆಲಸ ಇಳಿಯುತ್ತದೆ, ಹೊಸಬನನ್ನೇ ಮೊದಲು ಕಳಿಸುತ್ತಾರೆ. ಹಾಗಾಗಿ ಮುಖ್ಯ ತಂಡವನ್ನು ಅಕ್ಟೋಬರಿನಲ್ಲಿ ಶುರು ಮಾಡಿ, ಡಿಸೆಂಬರಿನೊಳಗೆ ಅಂಗಡಿ ಸೇರಿಸಿ. ಗಲಾಟೆ ಶುರುವಾಗುವ ಮೊದಲು ಮಾಲೀಕನ ಸ್ವಭಾವ ಅರಿಯಲು ಎರಡು ತಿಂಗಳು ಸಿಗುತ್ತದೆ. ಮಳೆಗಾಲದಲ್ಲಿ ಬಿಡುಗಡೆಯಾದವರನ್ನು ಅಕ್ಟೋಬರ್ ತನಕ ಕಾಯಿಸಬೇಡಿ. ಆ 90 ದಿನ ಕಳೆದೇ ಹೋಗುತ್ತದೆ. ಅವರನ್ನು ಫ್ಯಾನ್-ಮಿಕ್ಸಿ ಬೆಂಚಿಗೆ ಭತ್ಯೆಯ ಮೇಲೆ ತಕ್ಷಣ ಸೇರಿಸಿಕೊಳ್ಳಿ.

ಅಂಗಡಿ ಸೇರಿದ ಮೇಲೆ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೋಗಿ ಬನ್ನಿ. ಮಾಲೀಕನ ಎದುರು ‘ಹೇಗಿದ್ದಾನೆ?’ ಎಂದು ಕೇಳಬೇಡಿ, ಚೆನ್ನಾಗಿದ್ದಾನೆ ಎನ್ನದೆ ಇನ್ನೇನು ಹೇಳಿಯಾರು. ಒಂದು ಫ್ಯಾನ್ ರಿಪೇರಿಗೆ ಒಯ್ಯಿರಿ. ಕೂತಿರುವಾಗ ಡೇಟಿನ ಕಾರ್ಡು ನೋಡಿ, ಮುಂದಿನ ಗೆರೆ ತುಂಬಿದೆಯೇ ಅಂತ. ಆಮೇಲೆ ಮೇಜಿನ ಮೇಲಿನ ತೂಕದ ಪುಸ್ತಕ. ಆರನೇ ತಿಂಗಳಿಗೆ ಅದರಲ್ಲಿ ಬರೆಯುತ್ತಿರುವ ಕೈ ಯಾರದ್ದು, ಮಾಲೀಕನದೋ ನಿಮ್ಮ ಹುಡುಗನದೋ, ಅದನ್ನು ಗುರುತು ಮಾಡಿಕೊಂಡು ಬನ್ನಿ.